ತುಟಿ ಒಂದು ಕಡೆ, ಮಾತು ಇನ್ನೊಂದು ಕಡೆ: ವಿಡಿಯೊ ಎಡಿಟಿಂಗ್‌ನಲ್ಲಿ ತೊಡಕಿನ ಬೇರು ಹುಡುಕುವುದು

ಕೊಪ್ಪಳದಲ್ಲಿ ಒಂದು ಮದುವೆ ಎಂದುಕೊಳ್ಳಿ. ವೇದಿಕೆಯ ಎದುರು ಸ್ಟ್ಯಾಂಡಿನ ಮೇಲೆ ಮಿರರ್‌ಲೆಸ್ ಕ್ಯಾಮೆರಾ, 4ಕೆ, ಸೆಕೆಂಡಿಗೆ 25 ಫ್ರೇಮ್ (ಬಿಡಿ ಚಿತ್ರ). ಕೈಯಲ್ಲಿ ಹಿಡಿದು ಓಡಾಡುವವರದು ಹಳೆಯ ಡಿಎಸ್‌ಎಲ್‌ಆರ್, 1080ಪಿ. ಅಕ್ಕಿಕಾಳು ಬೀಳುವ ಹೊತ್ತನ್ನು ಹುಡುಗಿಯ ಕಡೆಯವರು ಫೋನಿನಲ್ಲಿ ಹಿಡಿದು ವಾಟ್ಸ್‌ಆ್ಯಪ್ ಮಾಡಿದ್ದಾರೆ. ಮೈಕ್‌ಸೆಟ್‌ನ ಮಿಕ್ಸರ್‌ನಿಂದ ಸಣ್ಣ ರೆಕಾರ್ಡರ್‌ಗೆ ಧ್ವನಿ ಬೇರೆ ಇಳಿದಿದೆ. ನಾಲ್ಕನ್ನೂ ಎಡಿಟಿಂಗ್ ತಂತ್ರಾಂಶದ ಒಂದೇ ಟೈಮ್‌ಲೈನ್‌ಗೆ, ಅಂದರೆ ಕ್ಲಿಪ್‌ಗಳನ್ನು ಸಾಲಾಗಿ ಜೋಡಿಸುವ ಪಟ್ಟಿಗೆ, ಎಳೆದು ಹಾಕಿದ ಕೂಡಲೇ ತೊಡಕು ಶುರು. ಒಂದು ತಡೆದು ತಡೆದು ಓಡುತ್ತದೆ, ಒಂದು ಒಳಗೇ ಬರುವುದಿಲ್ಲ, ಇನ್ನೊಂದರಲ್ಲಿ ಅಯ್ಯನವರ ತುಟಿ ನಿಂತ ಮೇಲೆ ಮಂತ್ರ ಕೇಳಿಸುತ್ತದೆ.

ಆಗ ಬಹಳ ಮಂದಿ ಮೊದಲು ಸಾಫ್ಟ್‌ವೇರ್ ಕಿತ್ತು ಮತ್ತೆ ಹಾಕುತ್ತಾರೆ. ಅದಕ್ಕೂ ಬಗ್ಗದಿದ್ದರೆ ರ್‍ಯಾಮ್ ಹೆಚ್ಚಿಸುತ್ತಾರೆ. ಎರಡರಿಂದಲೂ ಗುಣ ಕಾಣುವುದು ಅಪರೂಪ, ಏಕೆಂದರೆ ತೊಡಕು ಸಾಮಾನ್ಯವಾಗಿ ಅಲ್ಲಿ ಹುಟ್ಟಿರುವುದಿಲ್ಲ. ಅದು ಹುಟ್ಟುವ ಜಾಗ ಮೂರು: ಫೈಲ್, ಫೈಲನ್ನು ಓಡಿಸುವ ಸಿಸ್ಟಮ್, ಟೈಮ್‌ಲೈನ್‌ಗೆ ನಾವು ಕೊಟ್ಟ ಲೆಕ್ಕ. ಮೂರರಲ್ಲಿ ಯಾವುದು ಎಂದು ಗೊತ್ತಾಗುವ ತನಕ ಯಾವ ಸೆಟ್ಟಿಂಗನ್ನೂ ಮುಟ್ಟಬೇಡಿ. ಒಂದೇ ಸಲಕ್ಕೆ ನಾಲ್ಕು ಬದಲಿಸಿದರೆ ಯಾವುದರಿಂದ ಸರಿಹೋಯಿತು ಎಂಬುದೂ ತಿಳಿಯದು, ಮುಂದಿನ ಮದುವೆಗೆ ಅದೇ ತಲೆನೋವು ಮತ್ತೆ ಬರುತ್ತದೆ.

ಮೊದಲು ಫೈಲಿನ ಜಾತಕ

ಮೀಡಿಯಾಇನ್ಫೋ ಎಂಬ ಉಚಿತ ತಂತ್ರಾಂಶ ಇದೆ. ಫೈಲನ್ನು ಅದರ ಮೇಲೆ ಎಳೆದು ಬಿಟ್ಟು, ವ್ಯೂ ಮೆನುವಿನಲ್ಲಿ ಟೆಕ್ಸ್ಟ್ ಆರಿಸಿದರೆ ಫೈಲಿನ ಪೂರ್ತಿ ವಿವರ ಕಣ್ಣೆದುರು ಬರುತ್ತದೆ. ನೋಡಬೇಕಾದ್ದು ಆರು ಸಾಲು ಮಾತ್ರ. ವಿಡಿಯೊ ಭಾಗದಲ್ಲಿ ಫಾರ್ಮ್ಯಾಟ್ (ಎವಿಸಿ ಎಂದರೆ ಎಚ್.264, ಎಚ್‌ಇವಿಸಿ ಎಂದರೆ ಎಚ್.265), ಫ್ರೇಮ್ ರೇಟ್ ಮೋಡ್, ಫ್ರೇಮ್ ರೇಟ್, ಬಿಟ್ ಡೆಪ್ತ್ (ಬಣ್ಣದ ಮೆಟ್ಟಿಲು ಎಷ್ಟು ನವಿರು ಎಂಬುದು), ಹಾಗೂ ಕ್ರೋಮಾ ಸಬ್‌ಸ್ಯಾಂಪ್ಲಿಂಗ್ ಎದುರಿನ 4:2:0 ಅಥವಾ 4:2:2 (ಬಣ್ಣದ ವಿವರ ಎಷ್ಟು ಉಳಿಸಿದೆ ಎಂಬುದು). ಆಡಿಯೊ ಭಾಗದಲ್ಲಿ ಸ್ಯಾಂಪ್ಲಿಂಗ್ ರೇಟ್. ಮುಂದೆ ಹೇಳುವುದೆಲ್ಲ ಈ ಆರು ಸಾಲಿನ ಸುತ್ತಲೇ ಇದೆ.

ಎಂಪಿ4, ಎಂಓವಿ, ಎಂಕೆವಿ ಇವು ವಿಡಿಯೊದ ಜಾತಿಯಲ್ಲ, ಅದನ್ನು ಕಟ್ಟಿದ ಬಟ್ಟೆ. ಬುತ್ತಿಗಂಟನ್ನು ಹೊರಗಿನಿಂದ ನೋಡಿ ಒಳಗೆ ಜೋಳದ ರೊಟ್ಟಿ ಇದೆಯೋ ಅನ್ನ ಇದೆಯೋ ಹೇಳಲು ಬರುವುದಿಲ್ಲ. ಒಳಗಿನ ಪದಾರ್ಥಕ್ಕೆ ಕೋಡೆಕ್ ಎನ್ನುತ್ತಾರೆ. ಒಂದೇ ಎಂಪಿ4 ಗಂಟಿನೊಳಗೆ 2003ರ ಎಚ್.264 ಇರಬಹುದು, 2013ರ ಎಚ್.265 ಇರಬಹುದು, 2018ರ ಎವಿ1 ಕೂಡ ಇರಬಹುದು. ಹೆಸರಿನ ಕೊನೆಯ ಎಂಕೆವಿಯನ್ನು ಅಳಿಸಿ ಎಂಪಿ4 ಎಂದು ತಿದ್ದಿದರೆ ಒಳಗಿನದು ಬದಲಾಗುವುದಿಲ್ಲ, ಗಂಟಿನ ಮೇಲಿನ ಚೀಟಿ ಮಾತ್ರ ಬದಲಾಗುತ್ತದೆ.

ಹಾಗಾಗಿ ಫೈಲ್ ಒಳಗೆ ಬರದಿದ್ದರೆ ತಕರಾರು ಬಟ್ಟೆಯದೋ ಬುತ್ತಿಯದೋ ಎಂದು ಕೇಳಿಕೊಳ್ಳಿ. ಒಳಗೆ ಎಚ್.264 ಇದ್ದು ಎಂಕೆವಿ ಗಂಟು ಮಾತ್ರ ಬೇಡವಾಗಿದ್ದರೆ ಬಟ್ಟೆ ಬದಲಿಸಿದರೆ ಸಾಕು. ಶಟರ್ ಎನ್‌ಕೋಡರ್ ಎಂಬ ಉಚಿತ ತಂತ್ರಾಂಶದಲ್ಲಿ ರೀರ್‍ಯಾಪ್ ಆರಿಸಿ, ಎಂಪಿ4 ಕೊಡಿ. ಹತ್ತು ಜಿಬಿ ಫೈಲ್ ಆದರೂ ಕಾಪಿ ಮಾಡುವಷ್ಟೇ ಹೊತ್ತು, ಗುಣಮಟ್ಟ ಒಂದು ಚೂರೂ ಇಳಿಯದು. ಕೋಡೆಕ್ಕೇ ಹಿಡಿಸದಿದ್ದರೆ ಮಾತ್ರ ಬಿಚ್ಚಿ ಹೊಸದಾಗಿ ಕಟ್ಟಬೇಕು, ಅದಕ್ಕೆ ಸಮಯವೂ ಡಿಸ್ಕಿನ ಜಾಗವೂ ಬೇಕು. ಟೈಮ್‌ಲೈನ್‌ನಲ್ಲಿ ಆಡಿಯೊ ಪಟ್ಟಿ ಬಂದು ಚಿತ್ರದ ಪಟ್ಟಿ ಬರದಿದ್ದರೆ ಗಂಟು ಬಿಚ್ಚಿದೆ, ಒಳಗಿನ ವಿಡಿಯೊ ಕೋಡೆಕ್ ಗುರುತು ಸಿಕ್ಕಿಲ್ಲ ಎಂದರ್ಥ.

‘ವಿಎಲ್‌ಸಿಯಲ್ಲಿ ಚೆನ್ನಾಗಿ ಓಡುತ್ತದೆ, ಎಡಿಟಿಂಗ್‌ನಲ್ಲಿ ಯಾಕೆ ಇಲ್ಲ?’ ಎಂದು ಕೇಳದವರಿಲ್ಲ. ವಿಎಲ್‌ಸಿ ಎಂಬ ವಿಡಿಯೊ ಪ್ಲೇಯರ್ ತನಗೆ ಬೇಕಾದ ಡಿಕೋಡರ್‌ಗಳನ್ನೆಲ್ಲ (ಕೋಡೆಕ್ ಬಿಚ್ಚುವ ಸಲಕರಣೆ) ತನ್ನೊಳಗೇ ಇಟ್ಟುಕೊಂಡು ಬರುತ್ತದೆ. ಅದರ ಕೆಲಸ ಒಂದೇ ದಿಕ್ಕಿಗೆ ಓಡಿಸುವುದು. ನಡುವೆ ಎರಡು ಫ್ರೇಮ್ ಬಿಟ್ಟುಹೋದರೂ ಯಾರೂ ಕೇಳುವುದಿಲ್ಲ. ಎಡಿಟಿಂಗ್ ತಂತ್ರಾಂಶ ಯಾವ ಫ್ರೇಮ್ ಕೇಳಿದರೂ ಅದನ್ನೇ, ಆ ಕ್ಷಣದಲ್ಲೇ ತಂದು ಕೊಡಬೇಕು. ಜೊತೆಗೆ ಯಾವ ಕೋಡೆಕ್ ತೆರೆಯಬೇಕು ಎಂಬುದರಲ್ಲಿ ಪರವಾನಗಿಯ ಕಟ್ಟೂ ಇದೆ. ಡಾವಿಂಚಿ ರಿಸಾಲ್ವ್ ಎಂಬ ಎಡಿಟಿಂಗ್ ತಂತ್ರಾಂಶದ ಉಚಿತ ಆವೃತ್ತಿ ಲಿನಕ್ಸ್‌ನಲ್ಲಿ ಎಚ್.264, ಎಚ್.265 ಎರಡನ್ನೂ ತೆರೆಯುವುದಿಲ್ಲ.

ಕಾರ್ಡಿನಿಂದ ಇಳಿಸುವಾಗಲೇ ಕೆಡುವುದೂ ಉಂಟು. ಸೋನಿ ಕ್ಯಾಮೆರಾದ ಕಾರ್ಡಿನಲ್ಲಿ ಪ್ರೈವೇಟ್ ಎಂಬ ಫೋಲ್ಡರ್, ಅದರೊಳಗೆ ಎಂ4ರೂಟ್, ಅದರೊಳಗೆ ಕ್ಲಿಪ್. ಎವಿಸಿಎಚ್‌ಡಿ ಎಂಬ ಬಗೆಯಲ್ಲಿ ಬರೆಯುವ ಕ್ಯಾಮೆರಾಗಳಲ್ಲಿ ಬಿಡಿಎಂವಿ, ಅದರೊಳಗೆ ಸ್ಟ್ರೀಮ್. ಉದ್ದದ ರೆಕಾರ್ಡಿಂಗನ್ನು ಹಲವು ಕ್ಯಾಮೆರಾಗಳು ತುಂಡು ತುಂಡಾಗಿ ಬರೆಯುತ್ತವೆ, ಏಕೆಂದರೆ ಫ್ಯಾಟ್32 ಎಂಬ ರೀತಿಯಲ್ಲಿ ಫಾರ್ಮ್ಯಾಟ್ ಮಾಡಿದ ಕಾರ್ಡಿನಲ್ಲಿ ಒಂದು ಫೈಲ್ 4 ಜಿಬಿ ದಾಟುವಂತಿಲ್ಲ. ತುಂಡುಗಳನ್ನು ಹೇಗೆ ಕೂಡಿಸಬೇಕು ಎಂಬ ಲೆಕ್ಕ ಪಕ್ಕದ ಸಣ್ಣ ಫೈಲ್‌ಗಳಲ್ಲಿ ಇರುತ್ತದೆ. ದೊಡ್ಡ ಫೈಲ್‌ಗಳನ್ನು ಮಾತ್ರ ಆರಿಸಿ ಕಾಪಿ ಮಾಡಿದರೆ ಆ ಲೆಕ್ಕ ಕಾರ್ಡಿನಲ್ಲೇ ಉಳಿಯುತ್ತದೆ, ಕಾರ್ಡು ಫಾರ್ಮ್ಯಾಟ್ ಆದ ಮೇಲೆ ಅದೂ ಇಲ್ಲ. ಕಾರ್ಡಿನಲ್ಲಿ ಇದ್ದದ್ದನ್ನು ಇದ್ದ ಹಾಗೆ, ಪೂರ್ತಿ, ಒಂದು ಹೊಸ ಫೋಲ್ಡರ್‌ಗೆ ಇಳಿಸಿ. ಅಡೋಬಿಯ ಪ್ರೀಮಿಯರ್ ಎಂಬ ಎಡಿಟಿಂಗ್ ತಂತ್ರಾಂಶದಲ್ಲಾದರೆ ಮೀಡಿಯಾ ಬ್ರೌಸರ್ ಮೂಲಕ ಒಳಗೆ ತನ್ನಿ, ಅದು ತುಂಡುಗಳನ್ನು ಒಂದೇ ಕ್ಲಿಪ್ ಆಗಿ ತೋರಿಸುತ್ತದೆ.

ತಡೆದು ತಡೆದು ಓಡುವುದು ಯಾಕೆ

ಕಿರಾಣಿ ಅಂಗಡಿಯ ದಾಸ್ತಾನು ಪುಸ್ತಕ ನೆನಪಿಸಿಕೊಳ್ಳಿ. ತಿಂಗಳ ಒಂದನೇ ತಾರೀಖು ಅಂಗಡಿಯಲ್ಲಿ ಇದ್ದದ್ದನ್ನೆಲ್ಲ ಪೂರ್ತಿ ಬರೆಯುತ್ತಾರೆ. ಮರುದಿನದಿಂದ ಹೋದದ್ದು, ಬಂದದ್ದು ಇಷ್ಟೇ. ಹದಿನೇಳನೇ ತಾರೀಖು ಬೇಳೆ ಎಷ್ಟಿತ್ತು ಎಂದು ಕೇಳಿದರೆ ಒಂದರಿಂದ ಕೂಡುತ್ತ ಕಳೆಯುತ್ತ ಬರಬೇಕು. ಎಚ್.264, ಎಚ್.265 ಹೀಗೇ ಕೆಲಸ ಮಾಡುತ್ತವೆ. ಐ ಫ್ರೇಮ್ ಎಂಬುದು ಪೂರ್ತಿ ಚಿತ್ರ. ನಂತರದ ಪಿ ಮತ್ತು ಬಿ ಫ್ರೇಮ್‌ಗಳಲ್ಲಿ ಇರುವುದು ಬದಲಾದದ್ದರ ಲೆಕ್ಕ ಮಾತ್ರ. ಬಿ ಫ್ರೇಮ್ ಹಿಂದಿನದನ್ನಷ್ಟೇ ಅಲ್ಲ, ಮುಂದಿನದನ್ನೂ ನೋಡಿ ಬರೆದದ್ದು. ಅದಕ್ಕೇ ಫೈಲ್ ಚಿಕ್ಕದಾಗುತ್ತದೆ, ಅದಕ್ಕೇ ಓಡಿಸುವುದು ಭಾರವಾಗುತ್ತದೆ.

ಎರಡು ಐ ಫ್ರೇಮ್‌ಗಳ ನಡುವಿನ ದೂರ ಕ್ಯಾಮೆರಾಗಳಲ್ಲಿ ಸಾಮಾನ್ಯವಾಗಿ ಅರ್ಧ ಸೆಕೆಂಡು, ಒಂದು ಸೆಕೆಂಡು. ಎಕ್ಸ್264 ಎಂಬ ಬಹುಬಳಕೆಯ ಎನ್‌ಕೋಡರ್ ಮಾತ್ರ ಬೇರೇನೂ ಹೇಳದಿದ್ದರೆ 250 ಫ್ರೇಮ್ ತನಕ ಬಿಡುತ್ತದೆ. 25 ಫ್ರೇಮ್‌ನ ವಿಡಿಯೊದಲ್ಲಿ ಅದು ಹತ್ತು ಸೆಕೆಂಡು. ಅಂಥ ಫೈಲಿನಲ್ಲಿ ಪ್ಲೇಹೆಡ್ (ಟೈಮ್‌ಲೈನ್ ಮೇಲೆ ಓಡುವ ಗೆರೆ) ಎಳೆದಾಗ, ಅದರಲ್ಲೂ ಹಿಂದಕ್ಕೆ ಎಳೆದಾಗ, ಚಿತ್ರ ಹಿಡಿದು ನಿಲ್ಲುವುದು ಸಹಜ.

ಆದ್ದರಿಂದ ಡಿಸ್ಕನ್ನು ದೂರುವ ಮೊದಲು ಲೆಕ್ಕ ಹಾಕಿ. 4ಕೆ ಕ್ಯಾಮೆರಾ ಸೆಕೆಂಡಿಗೆ 100 ಮೆಗಾಬಿಟ್ ಬರೆಯುತ್ತದೆ ಎಂದರೆ 12.5 ಮೆಗಾಬೈಟ್. ಹಳೆಯ ತಿರುಗುವ ಹಾರ್ಡ್ ಡಿಸ್ಕ್ ಕೂಡ ಇಂಥ ಒಂದು ಕ್ಲಿಪ್ಪನ್ನು ಸಲೀಸಾಗಿ ಓದುತ್ತದೆ. ಮೂರು ಕ್ಯಾಮೆರಾವನ್ನು ಒಟ್ಟಿಗೆ ಓಡಿಸಿ ಎಡಿಟ್ ಮಾಡುವ ಮಲ್ಟಿಕ್ಯಾಮ್ ಆದರೆ ಅದರ ಮುಳ್ಳು ಮೂರು ಕಡೆ ಓಡಾಡಬೇಕು, ಆಗ ಸುಸ್ತಾಗುತ್ತದೆ. ಯುಎಸ್‌ಬಿ 2 ಪೋರ್ಟಿಗೆ ಚುಚ್ಚಿದ ಡಿಸ್ಕ್ ಆದರೆ ಸಿಗುವುದೇ ಸೆಕೆಂಡಿಗೆ 30-40 ಮೆಗಾಬೈಟ್. ಉಳಿದ ಕಡೆ ತಕರಾರು ಓದುವುದರಲ್ಲಿಲ್ಲ, ಬಿಚ್ಚುವುದರಲ್ಲಿದೆ.

ಯಾವುದು ಎಂದು ಕಣ್ಣಾರೆ ನೋಡಲು ಒಂದು ನಿಮಿಷ ಸಾಕು. ಟೈಮ್‌ಲೈನ್ ಓಡುತ್ತಿರುವಾಗ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆಯಿರಿ. ಪರ್ಫಾರ್ಮೆನ್ಸ್ ಹಾಳೆಗೆ ಹೋಗಿ, ಜಿಪಿಯು (ಗ್ರಾಫಿಕ್ಸ್ ಕಾರ್ಡ್) ಒತ್ತಿ, ಅಲ್ಲಿರುವ ಪುಟ್ಟ ಗ್ರಾಫ್‌ಗಳಲ್ಲಿ ಒಂದರ ತಲೆಬರಹ ಒತ್ತಿ ವಿಡಿಯೊ ಡಿಕೋಡ್ ಆರಿಸಿ. ಸಿಪಿಯು ನೂರಕ್ಕೆ ನೂರು ತೋರಿಸುತ್ತಿದ್ದು ವಿಡಿಯೊ ಡಿಕೋಡ್ ಸೊನ್ನೆಯಲ್ಲಿ ಮಲಗಿದ್ದರೆ, ಆ ಫೈಲನ್ನು ಬಿಚ್ಚಲು ನಿಮ್ಮ ಗ್ರಾಫಿಕ್ಸ್ ಕಾರ್ಡಿಗೆ ಬರುವುದಿಲ್ಲ, ಅಥವಾ ತಂತ್ರಾಂಶ ಅದನ್ನು ಕೇಳುತ್ತಿಲ್ಲ. ಡಿಸ್ಕ್ ಸಾಲು ನೂರು ತೋರಿಸಿದರೆ ಡಿಸ್ಕ್.

ಅಸೆಂಬಲ್ಡ್ ಸಿಸ್ಟಮ್ ಕೊಳ್ಳುವವರು ಒಂದು ಅಕ್ಷರ ಗಮನಿಸಬೇಕು. ಇಂಟೆಲ್ ಪ್ರೊಸೆಸರ್ ಹೆಸರಿನ ಕೊನೆಗೆ ಎಫ್ ಇದ್ದರೆ (12400ಎಫ್ ಎನ್ನುವ ಹಾಗೆ) ಅದರಲ್ಲಿ ಒಳ ಗ್ರಾಫಿಕ್ಸ್ ಇಲ್ಲ, ಹಾಗಾಗಿ ಕ್ವಿಕ್ ಸಿಂಕ್ ಎಂಬ ವಿಡಿಯೊ ಬಿಚ್ಚುವ ಯಂತ್ರವೂ ಇಲ್ಲ. ಎಡಿಟಿಂಗ್‌ಗೆ ಅದು ದೊಡ್ಡ ನಷ್ಟ. ಈಗಿನ ಮಿರರ್‌ಲೆಸ್ ಕ್ಯಾಮೆರಾಗಳು ಕೊಡುವ 10 ಬಿಟ್ 4:2:2 ಎಚ್.265 ಅನ್ನು ಇಂಟೆಲ್‌ನ 11ನೇ ತಲೆಮಾರಿನಿಂದ ಈಚಿನ ಒಳ ಗ್ರಾಫಿಕ್ಸ್ ಬಿಚ್ಚುತ್ತದೆ. ಎನ್ವಿಡಿಯಾದಲ್ಲಿ ಆರ್‌ಟಿಎಕ್ಸ್ 40 ಸರಣಿಯ ತನಕ ಯಾವ ಕಾರ್ಡೂ 4:2:2 ಬಿಚ್ಚುವುದಿಲ್ಲ, 2025ರ 50 ಸರಣಿಯಿಂದ ಅದು ಬಂದಿದೆ. ಬೆಲೆಬಾಳುವ ಕಾರ್ಡ್ ಹಾಕಿಸಿಯೂ ಕ್ಲಿಪ್ ತೆವಳುತ್ತದೆ ಎನ್ನುವವರು ಮೀಡಿಯಾಇನ್ಫೋದಲ್ಲಿ ಮೊದಲು ಈ 4:2:2 ಇದೆಯೇ ನೋಡಿ. ಮದುವೆಯ ಕೆಲಸಕ್ಕೆ, ಬಣ್ಣವನ್ನು ಹೆಚ್ಚು ತಿದ್ದುವ ಉದ್ದೇಶ ಇಲ್ಲದಿದ್ದರೆ, ಕ್ಯಾಮೆರಾದಲ್ಲೇ 8 ಬಿಟ್ 4:2:0 ಇಟ್ಟುಕೊಳ್ಳುವುದರಲ್ಲಿ ತಪ್ಪೇನಿಲ್ಲ.

ಪ್ಲೇಬ್ಯಾಕ್ ರೆಸಲ್ಯೂಷನ್ ಅರ್ಧಕ್ಕೋ ಕಾಲಿಗೋ ಇಳಿಸುವುದು ಎಲ್ಲರಿಗೂ ಗೊತ್ತಿರುವ ಮದ್ದು. ಅದು ಎಫೆಕ್ಟ್‌ಗಳ, ಬಣ್ಣದ ಕೆಲಸದ ಭಾರ ಇಳಿಸುತ್ತದೆ. ಎಚ್.265 ಬಿಚ್ಚುವ ಭಾರ ಹಾಗೇ ಉಳಿಯುತ್ತದೆ, ಏಕೆಂದರೆ ಚಿಕ್ಕದಾಗಿ ತೋರಿಸಬೇಕಾದರೂ ಲೆಕ್ಕ ಪೂರ್ತಿ ಮಾಡಲೇಬೇಕು. ಅದಕ್ಕೆ ಸರಿಯಾದ ಮದ್ದು ಪ್ರಾಕ್ಸಿ: ಪ್ರತಿ ಫ್ರೇಮೂ ಪೂರ್ತಿ ಚಿತ್ರವಾಗಿರುವ, ಅಳತೆಯಲ್ಲಿ ಚಿಕ್ಕದಾದ ಒಂದು ನಕಲು. ಆ್ಯಪಲ್‌ನ ಪ್ರೊರೆಸ್ ಕೋಡೆಕ್‌ನ ಹಗುರ ಬಗೆಯಾದ ಪ್ರೊರೆಸ್ ಪ್ರಾಕ್ಸಿ 1080ಪಿ 25 ಫ್ರೇಮ್‌ಗೆ ಸೆಕೆಂಡಿಗೆ 38 ಮೆಗಾಬಿಟ್, ಅಂದರೆ ಗಂಟೆಗೆ 17 ಜಿಬಿ. ನಾಲ್ಕು ಗಂಟೆಯ ಫುಟೇಜ್‌ಗೆ 70 ಜಿಬಿ ಖಾಲಿ ಇಟ್ಟುಕೊಳ್ಳಿ. ಪೂರ್ತಿ ಪ್ರೊರೆಸ್ 422ಕ್ಕೆ ಬದಲಿಸುತ್ತೇನೆ ಎಂದರೆ ಅದೇ 1080ಪಿ ಗಂಟೆಗೆ 55 ಜಿಬಿ, 4ಕೆ ಆದರೆ 220 ಜಿಬಿ ದಾಟುತ್ತದೆ.

ಪ್ರೀಮಿಯರ್‌ನಲ್ಲಿ ಕ್ಲಿಪ್‌ಗಳನ್ನು ಆರಿಸಿ ಬಲಗುಂಡಿ ಒತ್ತಿ ಪ್ರಾಕ್ಸಿ, ಅದರಲ್ಲಿ ಕ್ರಿಯೇಟ್ ಪ್ರಾಕ್ಸೀಸ್. ರಿಸಾಲ್ವ್‌ನಲ್ಲಿ ಜನರೇಟ್ ಪ್ರಾಕ್ಸಿ ಮೀಡಿಯಾ. ಪ್ರಾಕ್ಸಿಯನ್ನು ಹೊರಗೆ ಬೇರೆ ತಂತ್ರಾಂಶದಲ್ಲಿ ಮಾಡಿಕೊಂಡು ಪ್ರೀಮಿಯರ್‌ಗೆ ಅಂಟಿಸುವಾಗ ಅದು ಒಪ್ಪದಿದ್ದರೆ ಆಡಿಯೊ ಚಾನೆಲ್ ಎಣಿಸಿ: ಮೂಲದಲ್ಲಿ ನಾಲ್ಕು, ಪ್ರಾಕ್ಸಿಯಲ್ಲಿ ಎರಡು ಇದ್ದರೆ ಅಂಟುವುದಿಲ್ಲ. ಎಕ್ಸ್‌ಪೋರ್ಟ್ ಮೂಲದಿಂದಲೇ ಆಗುತ್ತದೆ, ಪ್ರಾಕ್ಸಿಯಿಂದ ಗುಣಮಟ್ಟ ಇಳಿಯುತ್ತದೆ ಎಂಬ ಭಯ ಬೇಡ.

ಇನ್ನು ನಮ್ಮ ಸೀಮೆಯದೇ ಆದ ಒಂದು ಕಾರಣ ಇದೆ. ಮೊದಲ ಐದು ನಿಮಿಷ ಬೆಣ್ಣೆಯಂತೆ ಓಡಿ ಆಮೇಲೆ ತಡೆಯಲು ಶುರುವಾದರೆ ಅದು ಫೈಲಿನ ತಪ್ಪಲ್ಲ, ಬಿಸಿಯದು. ಏಪ್ರಿಲ್, ಮೇನಲ್ಲಿ ರಾಯಚೂರು, ಬಳ್ಳಾರಿಯ ಹಗಲು 40 ಡಿಗ್ರಿ ದಾಟುತ್ತದೆ. ಫ್ಯಾನ್ ಎಳೆದುಕೊಳ್ಳುವ ಗಾಳಿಯೇ ಅಷ್ಟು ಬಿಸಿ ಇದ್ದರೆ ಲ್ಯಾಪ್‌ಟಾಪಿನ ಪ್ರೊಸೆಸರ್ 95-100 ಡಿಗ್ರಿ ಮುಟ್ಟಿ ತನ್ನನ್ನು ಉಳಿಸಿಕೊಳ್ಳಲು ವೇಗ ಇಳಿಸುತ್ತದೆ. ಎಚ್‌ಡಬ್ಲ್ಯೂಇನ್ಫೋ ಎಂಬ ಉಚಿತ ತಂತ್ರಾಂಶದಲ್ಲಿ ಥರ್ಮಲ್ ಥ್ರಾಟ್ಲಿಂಗ್ ಸಾಲಿನ ಎದುರು ಯೆಸ್ ಎಂದು ಕಂಡರೆ ರೋಗ ಗೊತ್ತಾಯಿತು. ಸಂಡೂರು ಕಡೆಯ ಕೆಂಧೂಳು, ರಾಯಚೂರಿನ ಹತ್ತಿಯ ಎಳೆ, ಗಂಗಾವತಿ, ಕಾರಟಗಿಯ ಅಕ್ಕಿ ಗಿರಣಿಯ ಹೊಟ್ಟು, ಮೂರೂ ಹೀಟ್‌ಸಿಂಕಿನ ಸಂದಿಯಲ್ಲಿ ಕಂಬಳಿಯಂತೆ ಕೂರುತ್ತವೆ. ಎರಡು ಮೂರು ತಿಂಗಳಿಗೊಮ್ಮೆ ಕರೆಂಟ್ ತೆಗೆದು ಬ್ಲೋವರ್ ಹಿಡಿಯಿರಿ, ಊದುವಾಗ ಫ್ಯಾನಿನ ರೆಕ್ಕೆ ತಿರುಗದಂತೆ ಬೆರಳಿನಲ್ಲಿ ಹಿಡಿದುಕೊಳ್ಳಿ. ಬೇಸಿಗೆಯಲ್ಲಿ ಭಾರದ ರೆಂಡರ್‌ಗಳನ್ನು ರಾತ್ರಿಗೆ ಹಾಕುವುದು ಉಪಾಯದ ಮಾತು.

ಇದಾವುದೂ ಅಲ್ಲದೆ ಪ್ರೀಮಿಯರ್‌ನಲ್ಲಿ ಸ್ಪೇಸ್ ಬಾರ್ ಒತ್ತಿದರೂ ಓಡದೆ ನಿಂತುಬಿಟ್ಟರೆ ಪ್ರಿಫರೆನ್ಸಸ್‌ನ ಆಡಿಯೊ ಹಾರ್ಡ್‌ವೇರ್‌ಗೆ ಹೋಗಿ ಡೀಫಾಲ್ಟ್ ಇನ್‌ಪುಟ್ಟನ್ನು ನೋ ಇನ್‌ಪುಟ್ ಮಾಡಿ. ಕಿತ್ತ ವೆಬ್‌ಕ್ಯಾಮಿನ ಮೈಕನ್ನು ಕಾಯುತ್ತ ಕೂತು ಇಡೀ ಟೈಮ್‌ಲೈನ್ ತಡೆಯುವುದುಂಟು.

ಮಾತು ಜಾರುವ ಮೂರು ಬಗೆ

ಸಿಂಕ್, ಅಂದರೆ ಚಿತ್ರಕ್ಕೂ ಮಾತಿಗೂ ಇರುವ ಹೊಂದಿಕೆ, ತಪ್ಪಿದೆ ಎಂದು ತೀರ್ಮಾನಿಸುವ ಮೊದಲು ಬ್ಲೂಟೂತ್ ಹೆಡ್‌ಫೋನ್ ತೆಗೆದಿಡಿ. ಅದು ಧ್ವನಿಯನ್ನು ಸುಮಾರು 200 ಮಿಲಿಸೆಕೆಂಡ್ ತಡವಾಗಿ ಕೇಳಿಸಬಲ್ಲದು. 25 ಫ್ರೇಮ್‌ನ ಟೈಮ್‌ಲೈನ್‌ನಲ್ಲಿ ಅದು ಐದು ಫ್ರೇಮ್. ಕಿವಿಯ ತಪ್ಪಿಗೆ ಟೈಮ್‌ಲೈನನ್ನು ತಿದ್ದಿ, ಗಿರಾಕಿಯ ಮನೆಯ ಟಿವಿಯಲ್ಲಿ ಮಾತು ಮುಂದೆ ಓಡುವಂತೆ ಮಾಡಿಕೊಟ್ಟವರು ಇದ್ದಾರೆ. ವೈರಿನ ಹೆಡ್‌ಫೋನ್‌ನಲ್ಲೇ ನೋಡಿ.

ಆಮೇಲೆ ಕ್ಲಿಪ್ಪಿನ ಮೂರು ಜಾಗ ನೋಡಿ: ಮೊದಲು, ನಡು, ಕೊನೆ. ಮಾತು ಹೇಗೆ ಜಾರುತ್ತದೆ ಎಂಬುದೇ ಕಾರಣ ಹೇಳಿಬಿಡುತ್ತದೆ.

ಮೂರೂ ಕಡೆ ಒಂದೇ ಅಳತೆ ತಪ್ಪಿದ್ದರೆ ಅದು ಸ್ಥಿರ ವ್ಯತ್ಯಾಸ. ಜೋಡಿಸುವಾಗಲೇ ತಪ್ಪಿರಬಹುದು, ದೂರದಿಂದಲೂ ಬಂದಿರಬಹುದು. ನಮ್ಮ ಹವೆಯಲ್ಲಿ ಧ್ವನಿ ಸೆಕೆಂಡಿಗೆ ಸುಮಾರು 350 ಮೀಟರ್ ಹೋಗುತ್ತದೆ. ಒಂದು ಫ್ರೇಮಿಗೆ 40 ಮಿಲಿಸೆಕೆಂಡ್, ಆ ಹೊತ್ತಿನಲ್ಲಿ ಧ್ವನಿ ಸಾಗುವುದು 14 ಮೀಟರ್. ಜನವರಿಯಲ್ಲಿ ಕೊಪ್ಪಳದ ಗವಿಮಠದ ಜಾತ್ರೆಯ ಹೊತ್ತಿಗೆ ಮಾಳಿಗೆಯ ಮೇಲೆ ಕ್ಯಾಮೆರಾ ಇಟ್ಟು, ಧ್ವನಿವರ್ಧಕದಿಂದ 70 ಮೀಟರ್ ದೂರದಲ್ಲಿದ್ದರೆ ಆ ಕ್ಯಾಮೆರಾದ ಮೈಕಿಗೆ ಮಾತು ಐದು ಫ್ರೇಮ್ ತಡವಾಗಿಯೇ ಮುಟ್ಟುತ್ತದೆ. ಯಾವ ಯಂತ್ರವೂ ಕೆಟ್ಟಿಲ್ಲ. ಇಲ್ಲಿ ಎಡವಿ ಬೀಳುವ ಒಂದು ಹೊಂಡ ಇದೆ: ಮಲ್ಟಿಕ್ಯಾಮ್ ಮಾಡುವಾಗ ಧ್ವನಿಯ ಅಲೆ ನೋಡಿ ಜೋಡಿಸಲು ಹೇಳಿದರೆ ತಂತ್ರಾಂಶ ಧ್ವನಿಗೆ ಧ್ವನಿಯನ್ನು ಸರಿಯಾಗಿ ಕೂಡಿಸುತ್ತದೆ, ಆದರೆ ಆ ದೂರದ ಕ್ಯಾಮೆರಾದ ಚಿತ್ರ ಐದು ಫ್ರೇಮ್ ಮುಂದೆ ಹೋಗಿರುತ್ತದೆ. ಹಾಗಾಗಿ ದೂರದ ಕ್ಯಾಮೆರಾವನ್ನು ಕಣ್ಣಿಗೆ ಕಾಣುವ ಗುರುತಿನಿಂದ ಜೋಡಿಸಬೇಕು. ಡೊಳ್ಳಿನ ಗುಣಿ ಚರ್ಮಕ್ಕೆ ತಾಗುವ ಫ್ರೇಮ್, ಹಲಗೆಯ ಮೇಲೆ ಕೋಲು ಬೀಳುವ ಫ್ರೇಮ್ ಇದಕ್ಕೆ ತಕ್ಕವು. ಆ ಫ್ರೇಮಿಗೆ ಒಂದು ಮಾರ್ಕರ್, ಮಿಕ್ಸರ್‌ನ ಧ್ವನಿಯಲ್ಲಿ ಅದೇ ಪೆಟ್ಟು ಮೊಳಕೆಯೊಡೆಯುವ ಜಾಗಕ್ಕೆ ಇನ್ನೊಂದು, ಎರಡನ್ನೂ ಒಂದೇ ಗೆರೆಗೆ ತನ್ನಿ. ದೂರದ ಕ್ಯಾಮೆರಾದ ಧ್ವನಿಯನ್ನು ಆಮೇಲೆ ಬಾಯಿ ಮುಚ್ಚಿಸಿಬಿಡಿ.

ಮೊದಲು ಸರಿಯಿದ್ದು ಹೋಗುತ್ತ ಹೋಗುತ್ತ ಜಾರಿದರೆ ಅದು ಬೇರೆ ಕಥೆ. ಇಲ್ಲಿ ಆರೋಪಿಗಳು ಮೂವರು.

ಒಂದನೆಯದು ಫೋನ್. ಫೋನು ಸೆಕೆಂಡಿಗೆ 30 ಫ್ರೇಮ್ ಎಂದು ಹೇಳಿಕೊಂಡರೂ ಸಮನಾಗಿ ಬರೆಯುವುದಿಲ್ಲ. ಛತ್ರದಲ್ಲಿ ಹ್ಯಾಲೋಜನ್ ಆರಿ ಬೆಳಕು ಕಡಿಮೆಯಾದರೆ ಪ್ರತಿ ಫ್ರೇಮಿಗೆ ಹೆಚ್ಚು ಹೊತ್ತು ಬೆಳಕು ಹಿಡಿಯಲು ತಾನಾಗಿಯೇ 24ಕ್ಕೆ ಇಳಿಯುತ್ತದೆ, ಬೆಳಕು ಬಂದರೆ ಮತ್ತೆ ಏರುತ್ತದೆ. ಮೀಡಿಯಾಇನ್ಫೋದಲ್ಲಿ ಫ್ರೇಮ್ ರೇಟ್ ಮೋಡ್ ಎದುರು ವೇರಿಯಬಲ್ ಎಂದು ಬರುವುದು ಇದೇ. ಧ್ವನಿ ಮಾತ್ರ ಗಡಿಯಾರದಂತೆ ಒಂದೇ ವೇಗದಲ್ಲಿ ಇಳಿದಿರುತ್ತದೆ. ಎಡಿಟಿಂಗ್ ತಂತ್ರಾಂಶ ಎಲ್ಲ ಫ್ರೇಮ್‌ಗೂ ಸಮ ಅಂತರ ಎಂದು ನಂಬಿ ಎಣಿಸಿದರೆ ಚಿತ್ರ ಒಂದು ಕಡೆ, ಮಾತು ಒಂದು ಕಡೆ. ಸ್ಕ್ರೀನ್ ರೆಕಾರ್ಡಿಂಗ್‌ಗಳಲ್ಲೂ ಇದೇ ಪಾಡು. ಹೊಸ ಆವೃತ್ತಿಗಳು ಇದನ್ನು ಮೊದಲಿಗಿಂತ ಚೆನ್ನಾಗಿ ನಿಭಾಯಿಸುತ್ತವೆ, ಆದರೂ ಉದ್ದದ ಕ್ಲಿಪ್ಪಿಗೆ ನಂಬಿ ಕೂರುವುದು ಬೇಡ.

ಪರಿಹಾರ ಹ್ಯಾಂಡ್‌ಬ್ರೇಕ್ ಎಂಬ ಉಚಿತ ತಂತ್ರಾಂಶ. ಫೈಲ್ ತೆರೆದು, ಪ್ರೀಸೆಟ್‌ಗಳಲ್ಲಿ ಪ್ರೊಡಕ್ಷನ್ ಗುಂಪಿನ ಪ್ರೊಡಕ್ಷನ್ ಸ್ಟ್ಯಾಂಡರ್ಡ್ ಆರಿಸಿ. ವಿಡಿಯೊ ಹಾಳೆಯಲ್ಲಿ ಫ್ರೇಮ್ ರೇಟ್ 30 ಕೊಟ್ಟು, ಕಾನ್‌ಸ್ಟಂಟ್ ಫ್ರೇಮ್‌ರೇಟ್ ಗುರುತು ಹಾಕಿ. ಆಡಿಯೊ ಹಾಳೆಯಲ್ಲಿ 48 ಕಿಲೋಹರ್ಟ್ಸ್. ಈಗಾಗಲೇ ಕತ್ತರಿಸಿ ಮುಗಿಸಿದ ಕ್ಲಿಪ್ಪಿನ ಬದಲಿಗೆ ಹೊಸದನ್ನು ತೂರಿಸಬೇಡಿ, ಕತ್ತರಿಯ ಜಾಗಗಳೇ ಜಾರುತ್ತವೆ. ಎಡಿಟ್ ಶುರುವಾಗುವ ಮೊದಲೇ ಇದನ್ನು ಮಾಡಿಕೊಳ್ಳಬೇಕು. ಶೂಟಿಂಗ್ ನಿಮ್ಮ ಕೈಯಲ್ಲೇ ಇದ್ದರೆ ಇನ್ನೂ ಒಳ್ಳೆಯದು: ಐಫೋನಿನ ಕ್ಯಾಮೆರಾ ಸೆಟ್ಟಿಂಗ್‌ನಲ್ಲಿ ಶೋ ಪಾಲ್ ಫಾರ್ಮ್ಯಾಟ್ಸ್ ಹಾಕಿದರೆ 25 ಫ್ರೇಮ್ ಸಿಗುತ್ತದೆ, ಆಟೊ ಎಫ್‌ಪಿಎಸ್ (ಫ್ರೇಮ್ ರೇಟ್ ತಾನೇ ಬದಲಿಸುವ ಗುಣ) ಆಫ್ ಮಾಡಿಡಿ. ಬ್ಲ್ಯಾಕ್‌ಮ್ಯಾಜಿಕ್ ಕ್ಯಾಮೆರಾ ಎಂಬ ಉಚಿತ ಆ್ಯಪ್‌ನಲ್ಲೂ 25 ಆರಿಸಬಹುದು. ನಮ್ಮ ಕರೆಂಟು 50 ಹರ್ಟ್ಸ್. 25 ಫ್ರೇಮಿಗೆ ಶಟರ್ 1/50 ಇಟ್ಟರೆ ಟ್ಯೂಬ್‌ಲೈಟಿನ ಮಿಣುಕೂ ತಪ್ಪುತ್ತದೆ. ಇನ್ನು ಬೀಗರ ಕಡೆಯಿಂದ ಬರುವ ಕ್ಲಿಪ್‌ಗಳನ್ನು ವಾಟ್ಸ್‌ಆ್ಯಪ್‌ನಲ್ಲಿ ವಿಡಿಯೊ ಆಗಿ ಅಲ್ಲ, ಡಾಕ್ಯುಮೆಂಟ್ ಆಗಿ ಕಳಿಸಲು ಹೇಳಿ. 2 ಜಿಬಿ ತನಕ ಹೋಗುತ್ತದೆ, ಕಿವುಚಿ ಚಿಕ್ಕದಾಗುವುದಿಲ್ಲ.

ಎರಡನೆಯ ಆರೋಪಿ ಗಡಿಯಾರ. ಬೇರೆ ರೆಕಾರ್ಡರ್‌ನಲ್ಲಿ ಧ್ವನಿ ಹಿಡಿದರೆ ಅದರೊಳಗಿನ ಹರಳಿನ ಗಡಿಯಾರವೂ ಕ್ಯಾಮೆರಾದ ಗಡಿಯಾರವೂ ಅಷ್ಟಿಷ್ಟು ಬೇರೆ ನಡೆಯುತ್ತವೆ. ಹತ್ತು ಲಕ್ಷಕ್ಕೆ ಐವತ್ತು ಪಾಲು ವ್ಯತ್ಯಾಸ ಇದ್ದರೆ ಒಂದು ಗಂಟೆಗೆ 0.18 ಸೆಕೆಂಡು, ಅಂದರೆ ನಾಲ್ಕೂವರೆ ಫ್ರೇಮ್. ಹತ್ತು ನಿಮಿಷದ ಆರತಿಗೆ ಇದು ಗೊತ್ತಾಗುವುದಿಲ್ಲ, ರಾತ್ರಿಯಿಡೀ ನಡೆಯುವ ಬಯಲಾಟಕ್ಕೆ ಬೆಳಗಿನ ಹೊತ್ತಿಗೆ ಸೆಕೆಂಡು ದಾಟಿರುತ್ತದೆ. ಸ್ಪೀಡ್ ಶೇಕಡಾ 100.01 ಎಂದು ಕೊಟ್ಟರೂ ಗಂಟೆಗೆ 0.36 ಸೆಕೆಂಡು ಬದಲಾಗುತ್ತದೆ, ಬೇಕಾದ್ದಕ್ಕಿಂತ ದುಪ್ಪಟ್ಟು. ಅದಕ್ಕಿಂತ ಕೈಕೆಲಸವೇ ಮೇಲು. ಗಂಟೆಗೆ ಐದು ಫ್ರೇಮ್ ಜಾರುತ್ತಿದ್ದರೆ ಹನ್ನೆರಡು ನಿಮಿಷಕ್ಕೆ ಒಂದು ಫ್ರೇಮ್. ಅಷ್ಟಷ್ಟು ದೂರದಲ್ಲಿ, ಭಾಗವತರು ಉಸಿರು ತೆಗೆದುಕೊಳ್ಳುವ ಮೌನದಲ್ಲಿ, ಧ್ವನಿಯನ್ನು ಕತ್ತರಿಸಿ ಮುಂದಿನದೆಲ್ಲವನ್ನೂ ಒಂದು ಫ್ರೇಮ್ ಸರಿಸಿ. ಸಂದಿಗೆ ಎರಡು ಫ್ರೇಮಿನ ಕ್ರಾಸ್‌ಫೇಡ್ ಹಾಕಿದರೆ ಯಾರ ಕಿವಿಗೂ ಬೀಳದು.

ಮೂರನೆಯದು ನಮ್ಮ ತಪ್ಪು ಲೆಕ್ಕ. 29.97 ಫ್ರೇಮಿನ ಕ್ಲಿಪ್ಪನ್ನು ಇಂಟರ್‌ಪ್ರಿಟ್ ಫುಟೇಜ್‌ನಲ್ಲಿ ಬಲವಂತವಾಗಿ 30 ಎಂದು ತಿದ್ದಿದರೆ ಗಂಟೆಗೆ 3.6 ಸೆಕೆಂಡು ಜಾರುತ್ತದೆ. ಜಾರಿದ್ದು ಗಂಟೆಗೆ ಮೂರೂವರೆ ಸೆಕೆಂಡಿನ ಆಸುಪಾಸು ಇದ್ದರೆ ಕಣ್ಣುಮುಚ್ಚಿ ಇದನ್ನೇ ಅನುಮಾನಿಸಿ. ನಿಮಿಷಕ್ಕೆ ಐದು ಸೆಕೆಂಡಿನಷ್ಟು ಜಾರಿ, ದನಿಯೂ ಸಣ್ಣಗೆ ಕೀಚಲಾಗಿದ್ದರೆ 44.1 ಕಿಲೋಹರ್ಟ್ಸ್‌ನ ಆಡಿಯೊವನ್ನು 48 ಎಂದು ಓದಲಾಗಿದೆ: 60 ಸೆಕೆಂಡಿನ ಮಾತು 55ಕ್ಕೆ ಮುಗಿಯುತ್ತದೆ. ಟೈಮ್‌ಲೈನಿನ ಫ್ರೇಮ್ ರೇಟನ್ನು ಮುಖ್ಯ ಕ್ಯಾಮೆರಾಕ್ಕೆ ಹೊಂದಿಸಿ ಮೊದಲೇ ತೀರ್ಮಾನಿಸಿ. ರಿಸಾಲ್ವ್‌ನಲ್ಲಂತೂ ಮೊದಲ ಕ್ಲಿಪ್ ಟೈಮ್‌ಲೈನಿಗೆ ಬಿದ್ದ ಮೇಲೆ ಅದನ್ನು ಬದಲಿಸಲು ಬಿಡುವುದಿಲ್ಲ.

ಮೂರನೆಯ ಬಗೆ, ಒಂದು ಜಾಗದ ತನಕ ಸರಿ, ಅಲ್ಲಿಂದಾಚೆಗೆ ಒಮ್ಮೆಲೇ ತಪ್ಪು. ಆ ಜಾಗದಲ್ಲಿ ಏನೋ ಮುರಿದಿದೆ. ಬಹುತೇಕ ಸಲ ಅದು ಕ್ಯಾಮೆರಾದ 4 ಜಿಬಿ ತುಂಡು ಮುಗಿದು ಹೊಸದು ಶುರುವಾದ ಸಂದಿ. ಸ್ಕ್ರೀನ್ ರೆಕಾರ್ಡಿಂಗ್ ಆಗಿದ್ದರೆ ಸಿಸ್ಟಮ್ ಏದುಸಿರು ಬಿಟ್ಟು ಫ್ರೇಮ್‌ಗಳನ್ನು ಬಿಟ್ಟ ಜಾಗ. ಇಡೀ ಕ್ಲಿಪ್ಪನ್ನು ಹಿಗ್ಗಿಸಿ ಕುಗ್ಗಿಸಿ ಸರಿಮಾಡಲು ಹೋಗಬೇಡಿ, ಆ ಸಂದಿಯಲ್ಲಿ ಕತ್ತರಿಸಿ ಮುಂದಿನ ಭಾಗವನ್ನಷ್ಟೇ ಸರಿಸಿ.

ಕರೆಂಟ್ ಹೋದಾಗ, ಬ್ಯಾಟರಿ ಸತ್ತಾಗ

ಎಂಪಿ4 ಫೈಲಿಗೆ ಒಂದು ಸೂಚಿ ಇರುತ್ತದೆ, ಯಾವ ಫ್ರೇಮ್ ಎಲ್ಲಿದೆ ಎಂಬ ಪಟ್ಟಿ. ಬಹುತೇಕ ಕ್ಯಾಮೆರಾಗಳು ಅದನ್ನು ಬರೆಯುವುದು ರೆಕಾರ್ಡಿಂಗ್ ನಿಲ್ಲಿಸಿದ ಮೇಲೆ, ಕೊನೆಗೆ. ನಡುವೆ ಬ್ಯಾಟರಿ ಸತ್ತರೆ ಚಿತ್ರವೆಲ್ಲ ಕಾರ್ಡಿನಲ್ಲಿದ್ದೂ ಸೂಚಿ ಇರುವುದಿಲ್ಲ. ಫೈಲ್ 3 ಜಿಬಿ ತೋರಿಸುತ್ತದೆ, ಯಾವ ತಂತ್ರಾಂಶವೂ ತೆರೆಯುವುದಿಲ್ಲ. ಅದನ್ನು ಅಳಿಸಬೇಡಿ, ಆ ಕಾರ್ಡಿನಲ್ಲಿ ಮತ್ತೆ ಶೂಟ್ ಮಾಡಲೂಬೇಡಿ. ಮೊದಲು ಅದೇ ಕ್ಯಾಮೆರಾಕ್ಕೆ ತುಂಬಿದ ಬ್ಯಾಟರಿ ಹಾಕಿ ಕಾರ್ಡ್ ಹಾಕಿ ನೋಡಿ, ಕೆಲವು ಕ್ಯಾಮೆರಾಗಳು ತಾವೇ ದುರಸ್ತಿ ಮಾಡಲು ಕೇಳುತ್ತವೆ. ಆಗದಿದ್ದರೆ ಅನ್‌ಟ್ರಂಕ್ ಎಂಬ ಉಚಿತ ತಂತ್ರಾಂಶ ಇದೆ. ಅದಕ್ಕೆ ಕೆಟ್ಟ ಫೈಲಿನ ಜೊತೆ, ಅದೇ ಕ್ಯಾಮೆರಾದಲ್ಲಿ ಅದೇ ಸೆಟ್ಟಿಂಗ್‌ನಲ್ಲಿ ಹಿಡಿದ ಒಂದು ಒಳ್ಳೆಯ ಫೈಲ್ ಕೊಡಬೇಕು. ಒಳ್ಳೆಯದರ ಕಟ್ಟನ್ನು ನೋಡಿ ಅದು ಕೆಟ್ಟದ್ದಕ್ಕೆ ಹೊಸ ಸೂಚಿ ಕಟ್ಟುತ್ತದೆ.

ನೇರಪ್ರಸಾರ ಅಥವಾ ಪಾಠಗಳನ್ನು ಓಬಿಎಸ್ ಎಂಬ ಉಚಿತ ತಂತ್ರಾಂಶದಲ್ಲಿ ರೆಕಾರ್ಡ್ ಮಾಡುವವರು, ಕರೆಂಟು ನೆಚ್ಚಿಕೊಳ್ಳಲಾಗದ ಊರಲ್ಲಿದ್ದರೆ, ಎಂಕೆವಿಯಲ್ಲೇ ಬರೆಸಿ. ಅದು ಅರ್ಧಕ್ಕೆ ನಿಂತರೂ ನಿಂತ ತನಕದ್ದು ಉಳಿಯುತ್ತದೆ. ಮುಗಿದ ಮೇಲೆ ಫೈಲ್ ಮೆನುವಿನ ರೀಮಕ್ಸ್ ರೆಕಾರ್ಡಿಂಗ್ಸ್ ಒತ್ತಿದರೆ ಎಂಪಿ4 ಗಂಟು ಸಿದ್ಧ.

ಹೊರಗೆ ಹೋಗುವಾಗ

ಐಫೋನ್ 12ರಿಂದ ಈಚಿನ ಫೋನಿನ ಕ್ಲಿಪ್ಪಿನಲ್ಲಿ ಮುಖಗಳು ಸುಣ್ಣ ಬಳಿದಂತೆ ಕಂಡರೆ ಅದು ಎಚ್‌ಡಿಆರ್, ಸಾಮಾನ್ಯ ವಿಡಿಯೊಗಿಂತ ಬೆಳಕಿನ ಹರವು ಹೆಚ್ಚಿರುವ ಬಗೆ. ಮೀಡಿಯಾಇನ್ಫೋದಲ್ಲಿ ಎಚ್‌ಎಲ್‌ಜಿ ಎಂಬ ಅಕ್ಷರ ಕಾಣುತ್ತದೆ. ಬ್ರೈಟ್‌ನೆಸ್ ಇಳಿಸಿ ತಿದ್ದಲು ಹೋದರೆ ಬೂದಿ ಬಣ್ಣ ಬರುತ್ತದೆ, ಟೈಮ್‌ಲೈನಿನ ಕಲರ್ ಮ್ಯಾನೇಜ್‌ಮೆಂಟ್‌ನಲ್ಲಿ ಟೋನ್ ಮ್ಯಾಪಿಂಗ್ (ಆ ಹರವನ್ನು ಸಾಮಾನ್ಯ ವಿಡಿಯೊಗೆ ಹೊಂದಿಸುವುದು) ಮಾಡಿಸಬೇಕು.

ಕನ್ನಡದ ಹೆಸರು ಬರೆಯುವಾಗ ಒತ್ತಕ್ಷರ ಒಡೆಯುವುದು ಇನ್ನೊಂದು ನೋವು. ಗವಿಸಿದ್ಧೇಶ್ವರ ಎಂದು ಟೈಪ್ ಮಾಡಿದರೆ ಗವಿಸಿದ್‌ಧೇಶ್‌ವರ ಎಂದು ಮೂಡುತ್ತದೆ. ಆಮಂತ್ರಣ ಪತ್ರಿಕೆಯಲ್ಲಿ ತಪ್ಪದ ಹೆಸರು ವಿಡಿಯೊದಲ್ಲಿ ತಪ್ಪಿದರೆ ಮನೆಯವರಿಗೆ ನೋವಾಗುತ್ತದೆ, ಅದನ್ನು ಹಾಗೇ ಬಿಡಬಾರದು. ಪ್ರೀಮಿಯರ್‌ನ ಪ್ರಿಫರೆನ್ಸಸ್, ಗ್ರಾಫಿಕ್ಸ್, ಅಲ್ಲಿ ಟೆಕ್ಸ್ಟ್ ಎಂಜಿನ್ನನ್ನು ಸೌತ್ ಏಷ್ಯನ್ ಅಂಡ್ ಮಿಡ್ಲ್ ಈಸ್ಟರ್ನ್ ಮಾಡಿ, ಹೆಸರನ್ನು ಹೊಸ ಲೇಯರ್‌ನಲ್ಲಿ ಹೊಸದಾಗಿ ಟೈಪ್ ಮಾಡಿ. ನುಡಿಯ ಹಳೆಯ ಆಸ್ಕಿ ಫಾಂಟಿನಲ್ಲಿ ಟೈಪ್ ಮಾಡಿದ್ದನ್ನು ಯುನಿಕೋಡ್ ಫಾಂಟಿಗೆ ಬದಲಿಸಿದರೆ ಗೀಜುಗೀಜು ಬರುತ್ತದೆ, ಮೊದಲು ಪರಿವರ್ತಕದಲ್ಲಿ ಯುನಿಕೋಡ್ ಮಾಡಿಕೊಳ್ಳಿ.

ಎಕ್ಸ್‌ಪೋರ್ಟ್ ಪ್ರತಿ ಸಲ ಒಂದೇ ಜಾಗದಲ್ಲಿ ನಿಂತರೆ ಆ ಟೈಮ್‌ಕೋಡ್ ಬರೆದುಕೊಳ್ಳಿ. ಅಲ್ಲಿಯ ಕ್ಲಿಪ್, ಎಫೆಕ್ಟ್ ಅಥವಾ ಟ್ರಾನ್ಸಿಷನ್ ಒಂದನ್ನು ತೆಗೆದು, ಆ ಹತ್ತು ಸೆಕೆಂಡು ಮಾತ್ರ ಎಕ್ಸ್‌ಪೋರ್ಟ್ ಮಾಡಿ ನೋಡಿ. ಪ್ರತಿ ಸಲ ಬೇರೆ ಬೇರೆ ಜಾಗದಲ್ಲಿ ನಿಂತರೆ ಜಿಪಿಯು, ಬಿಸಿ ಅಥವಾ ಡಿಸ್ಕಿನ ಜಾಗ. ಎನ್‌ಕೋಡಿಂಗನ್ನು ಹಾರ್ಡ್‌ವೇರ್‌ನಿಂದ ಸಾಫ್ಟ್‌ವೇರ್‌ಗೆ ಬದಲಿಸಿ ನೋಡಿ, ನಿಧಾನ, ಆದರೆ ಮುಗಿಯುತ್ತದೆ.

ಗಿರಾಕಿಗೆ ಪೆನ್‌ಡ್ರೈವ್ ಕೊಡುವಾಗ ಟಿವಿ ಎಷ್ಟು ಹಳೆಯದು ಎಂದು ಕೇಳಿಕೊಳ್ಳಿ. ಎಲ್ಲ ಕಡೆ ಓಡುವ ಸೂತ್ರ: ಎಚ್.264, 1080ಪಿ, 25 ಫ್ರೇಮ್, ಹೈ ಪ್ರೊಫೈಲ್, ಲೆವೆಲ್ 4.1, 8 ಬಿಟ್ 4:2:0, ಆಡಿಯೊ ಎಎಸಿ 48 ಕಿಲೋಹರ್ಟ್ಸ್. ಎರಡು ಗಂಟೆಯ ವಿಡಿಯೊ 12 ಮೆಗಾಬಿಟ್‌ನಲ್ಲಿ ಸುಮಾರು 10.8 ಜಿಬಿ ಆಗುತ್ತದೆ, ಫ್ಯಾಟ್32 ಪೆನ್‌ಡ್ರೈವ್ ಅದನ್ನು ಒಪ್ಪುವುದಿಲ್ಲ. ಎಕ್ಸ್‌ಫ್ಯಾಟ್ ಮಾಡಿದರೆ ಒಪ್ಪುತ್ತದೆ, ಆದರೆ ಕೆಲವು ಹಳೆಯ ಟಿವಿಗಳು ಎಕ್ಸ್‌ಫ್ಯಾಟ್ ಓದುವುದಿಲ್ಲ. ಎರಡು ಗಂಟೆಯನ್ನು 4 ಜಿಬಿಯೊಳಗೆ ತುರುಕಿದರೆ ಬಿಟ್‌ರೇಟ್ 4.7ಕ್ಕೆ ಇಳಿಯುತ್ತದೆ, ಅಕ್ಕಿಕಾಳು ಹಾರುವ ದೃಶ್ಯವೆಲ್ಲ ಚೌಕಚೌಕವಾಗಿ ಒಡೆಯುತ್ತದೆ. ಅದರ ಬದಲು ಅರಿಶಿಣ, ತಾಳಿ, ಆರತಕ್ಷತೆ ಎಂದು ಮೂರು ನಾಲ್ಕು ಫೈಲ್ ಮಾಡಿ, ಒಂದೊಂದೂ 40 ನಿಮಿಷದೊಳಗೆ. ಬಿಟ್‌ರೇಟ್ 12ರಲ್ಲೇ ಉಳಿಯುತ್ತದೆ. ಕೊಡುವ ಮೊದಲು ಪೆನ್‌ಡ್ರೈವನ್ನು ಒಂದು ಟಿವಿಗೆ ಚುಚ್ಚಿ, ಪ್ರತಿ ಫೈಲಿನ ಮೊದಲು, ನಡು, ಕೊನೆಯಲ್ಲಿ ಮಾತಾಡುವ ಒಂದು ಮುಖದ ತುಟಿಯನ್ನು ನೋಡಿ.